ಟಾರ್ಗೆಟ್ಟಿನ ಕೆಳಗಿನ ಮನುಷ್ಯ

ಶಹಾಬಾದದ ಹತ್ತಿರದ ಮರತೂರು ವಿಜ್ಞಾನೇಶ್ವರನ ಊರು ಎಂದು ಈ ಭಾಗದವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಆತ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಟೀಕೆ ‘ಮಿತಾಕ್ಷರಾ’. ಆ ಹೆಸರು ಕೇಳಿದ ಕೂಡಲೇ ವಕೀಲರಿಗೆ ನೆನಪಾಗುವುದು ಆಸ್ತಿಯ ಪಾಲು, ಅಣ್ಣತಮ್ಮಂದಿರ ಹಕ್ಕು. ಆದರೆ ಆತ ವ್ಯಾಖ್ಯಾನಿಸಿದ ವ್ಯವಹಾರಾಧ್ಯಾಯದಲ್ಲಿ ಪೇಟೆಯ ಸಂಗತಿಯೂ ಇದೆ. ಎಣ್ಣೆ, ಉಪ್ಪು, ಧಾನ್ಯ, ಬೆಲ್ಲದಲ್ಲಿ ಕಲಬೆರಕೆ ಮಾಡಿದವನಿಗೆ 16 ಪಣ ದಂಡ. ವರ್ತಕರೆಲ್ಲ ಒಂದಾಗಿ, ಕುಶಲಕರ್ಮಿಗಳಿಗೆ ತೊಂದರೆಯಾಗುವಂತೆ ಬೆಲೆಯನ್ನು ಏರಿಸಿದರೆ ಅಥವಾ ಇಳಿಸಿದರೆ ‘ಉತ್ತಮಸಾಹಸ’ ಎಂಬ ಅತಿ ದೊಡ್ಡ ದಂಡ. ಅದೇ ಸ್ಮೃತಿಯ ಲೆಕ್ಕದಲ್ಲಿ 1,080 ಪಣ. ಒಬ್ಬನೇ ಕೂತು ಬೆಲ್ಲಕ್ಕೆ ಮಣ್ಣು ಬೆರೆಸುವುದು ಒಂದು ತೂಕದ ತಪ್ಪು, ಹತ್ತು ಜನ ಕೂಡಿ ಬೆಲೆ ಕಟ್ಟುವುದು ಇನ್ನೊಂದು ತೂಕದ ತಪ್ಪು ಎಂಬ ತಾರತಮ್ಯ ಆ ಕಾಲದವರಿಗೆ ಸ್ಪಷ್ಟವಾಗಿತ್ತು.

2012ರ ಜೂನ್ 20ರಂದು ಭಾರತದ ಸ್ಪರ್ಧಾ ಆಯೋಗ 11 ಸಿಮೆಂಟ್ ಕಂಪನಿಗಳಿಗೆ ಒಟ್ಟು ಸುಮಾರು 6,300 ಕೋಟಿ ರೂಪಾಯಿ ದಂಡ ಹಾಕಿತು. ದೂರು ಕೊಟ್ಟದ್ದು ಬಿಲ್ಡರ್ಸ್ ಅಸೋಸಿಯೇಷನ್ ಆಫ್ ಇಂಡಿಯಾ. ವಾಡಿಯಲ್ಲಿ ಕಾರ್ಖಾನೆಯಿರುವ ಎಸಿಸಿಗೆ ಬಂದ ಪಾಲು 1,147 ಕೋಟಿ, ಮಳಖೇಡದ ಕಾರ್ಖಾನೆಯ ಒಡೆತನ ಹೊಂದಿರುವ ಅಲ್ಟ್ರಾಟೆಕ್‌ಗೆ 1,175 ಕೋಟಿ. 2010ರ ನವೆಂಬರ್–ಡಿಸೆಂಬರ್‌ನಲ್ಲಿ ಸಾಮರ್ಥ್ಯವಿದ್ದೂ ಉತ್ಪಾದನೆ ತಗ್ಗಿಸಿ, 2011ರ ಆರಂಭದಲ್ಲಿ ಒಂದೇ ತಾಳಕ್ಕೆ ಬೆಲೆ ಏರಿಸಿದರು ಎಂಬುದು ಆಯೋಗದ ನಿರ್ಣಯ. ಕಂಪನಿಗಳು ಇದನ್ನು ಒಪ್ಪಲಿಲ್ಲ. 2015ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಆದೇಶವನ್ನು ರದ್ದು ಮಾಡಿ ಮರುವಿಚಾರಣೆಗೆ ಕಳಿಸಿತು. 2016ರಲ್ಲಿ ಆಯೋಗ ಮತ್ತೆ ದಂಡ ಹಾಕಿತು. 2018ರ ಜುಲೈನಲ್ಲಿ ಮೇಲ್ಮನವಿಯಲ್ಲಿ ಅದು ಊರ್ಜಿತವಾಯಿತು, ಕಂಪನಿಗಳು ಸುಪ್ರೀಂ ಕೋರ್ಟಿಗೆ ಹೋದವು.

ಆ ದೊಡ್ಡ ಕಡತದೊಳಗೆ ಒಂದು ಸಣ್ಣ ವಿವರವಿದೆ. ಸಿಮೆಂಟ್ ತಯಾರಕರ ಸಂಘವು ಬೇರೆ ಬೇರೆ ಊರುಗಳ ಚಿಲ್ಲರೆ ಮತ್ತು ಸಗಟು ದರಗಳನ್ನು ಕಲೆಹಾಕಿ ಕೇಂದ್ರ ಸರ್ಕಾರದ ಕೈಗಾರಿಕಾ ಇಲಾಖೆಗೆ ಕೊಡುತ್ತಿತ್ತು. ಆ ದರ ಹೇಳುತ್ತಿದ್ದವರು ಯಾರು? ಆಯಾ ಊರಿನ ಹತ್ತಿರವಿರುವ ಸದಸ್ಯ ಕಂಪನಿಗಳ ಸಿಬ್ಬಂದಿ, ಅದೂ ಫೋನಿನಲ್ಲಿ. ಯಾರೋ ಕೇಳಿದರು, ಇನ್ಯಾರೋ ಹೇಳಿದರು. ಕೇಳಿದವನಿಗೂ ಹೇಳಿದವನಿಗೂ ಅದು ಆ ದಿನದ ಹತ್ತು ಕೆಲಸಗಳಲ್ಲಿ ಒಂದು. ಪ್ರತಿಸ್ಪರ್ಧಿಗಳ ದರಗಳೆಲ್ಲ ಒಂದೇ ಮೇಜಿಗೆ ಬಂದು ಬೀಳುವ ವ್ಯವಸ್ಥೆಯಲ್ಲಿ ತಾನೂ ಒಂದು ಕೊಂಡಿ ಎಂದು ಆ ನೌಕರನಿಗೆ ಅನಿಸಿರಲಿಕ್ಕಿಲ್ಲ.

ಈ ಉಪನ್ಯಾಸದ ವಿಷಯ ಆ ನೌಕರನೇ. ಮಾರುಕಟ್ಟೆಯ ಪೈಪೋಟಿ ಬಿಗಿಯಾದಾಗ ಕೆಲಸಗಾರರು ಅಡ್ಡದಾರಿ ಹಿಡಿಯುತ್ತಾರೆ ಎಂಬ ಮಾತು ಎಲ್ಲರ ಬಾಯಲ್ಲಿದೆ. ಪೈಪೋಟಿ ಕಂಪನಿ ಕಂಪನಿಗಳ ನಡುವಿನದು. ಅದು ಯಾವ ಹಾದಿಯಲ್ಲಿ ಇಳಿದು ಬಂದು ಹದಿನೈದು ಸಾವಿರ ಪಗಾರದ ಹುಡುಗನ ಕೈಯಿಂದ ಸುಳ್ಳು ಸಹಿ ಹಾಕಿಸುತ್ತದೆ ಎಂಬುದನ್ನು ಬಿಡಿಸಿ ನೋಡುವವರು ಕಡಿಮೆ. ದತ್ತಿ ಉಪನ್ಯಾಸದಲ್ಲಿ ಇಂಥ ಜಾಗಕ್ಕೆ ಕಾಯಕದ ಮೇಲಿನ ಒಂದು ವಚನ ಬಂದೇ ಬರುತ್ತದೆ. ಇಲ್ಲಿ ಅದನ್ನು ಬೇಕೆಂದೇ ಬಿಟ್ಟಿದೆ. ವಚನ ಕೇಳಿ ತಲೆದೂಗಿದವರೇ ಮರುದಿನ ಬೆಳಿಗ್ಗೆ ಟಾರ್ಗೆಟ್ ಹಂಚುತ್ತಾರೆ.

ಶಹಾಬಾದ, ವಾಡಿ, ಸೇಡಂಗಳ ಸಿಮೆಂಟ್ ಚರಿತ್ರೆಯನ್ನು ಪೈಪೋಟಿಯ ಚರಿತ್ರೆ ಎನ್ನುವುದಕ್ಕಿಂತ ಪೈಪೋಟಿಯಿಂದ ತಪ್ಪಿಸಿಕೊಳ್ಳುವ ಪ್ರಯತ್ನಗಳ ಚರಿತ್ರೆ ಎಂದರೂ ನಡೆದೀತು. ಮೊದಲ ಮಹಾಯುದ್ಧದ ನಂತರ ದೇಶದಲ್ಲಿ ಸಿಮೆಂಟ್ ಕಾರ್ಖಾನೆಗಳು ಬೇಡಿಕೆಗಿಂತ ಹೆಚ್ಚಾದವು. 1920ರ ದಶಕದ ನಡುವಿಗೆ ಬೆಲೆಯುದ್ಧ ಎಷ್ಟು ಮಿತಿಮೀರಿತೆಂದರೆ, ತಯಾರಿಕೆಯ ಖರ್ಚಿಗಿಂತ ಕಡಿಮೆ ದರಕ್ಕೆ ಮಾರುವ ಸ್ಥಿತಿ ಬಂತು. ಕಾರ್ಖಾನೆಗಳು ಸಂಘ ಕಟ್ಟಿಕೊಂಡವು. 1930ರಲ್ಲಿ ಎಲ್ಲರ ಸಿಮೆಂಟನ್ನು ಒಟ್ಟಿಗೆ ಮಾರುವ ಸಿಮೆಂಟ್ ಮಾರ್ಕೆಟಿಂಗ್ ಕಂಪನಿ ಹುಟ್ಟಿತು. 1936ರಲ್ಲಿ ಹತ್ತು ಕಂಪನಿಗಳು ವಿಲೀನಗೊಂಡು ಎಸಿಸಿ ಆಯಿತು. ಆ ಹತ್ತರಲ್ಲಿ ಶಹಾಬಾದ್ ಸಿಮೆಂಟ್ ಕಂಪನಿಯೂ ಒಂದು. ಮರುವರ್ಷವೇ ದಾಲ್ಮಿಯಾ ಬಳಗ ಹೊಸ ಕಾರ್ಖಾನೆಗಳೊಂದಿಗೆ ಕಣಕ್ಕಿಳಿದು ಮತ್ತೆ ಬೆಲೆಯುದ್ಧ, 1941ರ ಹೊತ್ತಿಗೆ ಮತ್ತೆ ಮಾರಾಟದ ಒಪ್ಪಂದ. ಆಗ ಅದು ಅಪರಾಧವಲ್ಲ, ವ್ಯವಹಾರ ಜಾಣ್ಮೆ.

ಹಾಗಾದರೆ ಪೈಪೋಟಿಯೇ ಇಲ್ಲದ ಕಾಲ ಸ್ವಚ್ಛವಾಗಿತ್ತೇ? ಸಿಮೆಂಟ್ ಕಂಟ್ರೋಲ್ ಇದ್ದ ದಿನಗಳನ್ನು ಕಂಡವರು ನಗುತ್ತಾರೆ. ಮನೆ ಕಟ್ಟಲು ಪರ್ಮಿಟ್ ಬೇಕು, ಪರ್ಮಿಟ್ಟಿಗೆ ಕಚೇರಿ ಅಲೆಯಬೇಕು, ಅಲೆದರೂ ಸಾಲದ್ದಕ್ಕೆ ಕಾಳಸಂತೆಗೆ ಹೋಗಬೇಕು. ಸಿಮೆಂಟ್ ಕೋಟಾ ಕೊಟ್ಟು ಟ್ರಸ್ಟುಗಳಿಗೆ ದೇಣಿಗೆ ಪಡೆದರೆಂಬ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ ತೀರ್ಪು ಬಂದು 1982ರ ಜನವರಿಯಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿ ಎ.ಆರ್. ಅಂತುಳೆ ರಾಜೀನಾಮೆ ಕೊಟ್ಟದ್ದು ಆ ಕಾಲದ ದೊಡ್ಡ ಸುದ್ದಿ. ಅದೇ ವರ್ಷದ ಫೆಬ್ರುವರಿಯಲ್ಲಿ ನಿಯಂತ್ರಣ ಭಾಗಶಃ ಸಡಿಲವಾಯಿತು, ಲೆವಿ ಸಿಮೆಂಟ್ ಒಂದು ಕಡೆ, ಮುಕ್ತ ಸಿಮೆಂಟ್ ಇನ್ನೊಂದು ಕಡೆ. 1989ರ ಮಾರ್ಚ್‌ನಲ್ಲಿ ನಿಯಂತ್ರಣ ಪೂರ್ತಿ ಹೋಯಿತು. ಆಮೇಲೆ ಒಂದು ಚೀಲ ಸಿಮೆಂಟಿಗಾಗಿ ಯಾರೂ ಗುಮಾಸ್ತನ ಕೈ ಬೆಚ್ಚಗೆ ಮಾಡಿದ್ದಿಲ್ಲ. ಪೈಪೋಟಿ ಮಾಡಿದ ಈ ಉಪಕಾರವನ್ನು ಮರೆತು ಮಾತಾಡುವುದು ನ್ಯಾಯವಲ್ಲ.

ಭ್ರಷ್ಟತೆಯ ಜಾಗ ಮಾತ್ರ ಬದಲಾಯಿತು. ಕೊರತೆಯ ಕಾಲದಲ್ಲಿ ತಪ್ಪು ನಡೆಯುತ್ತಿದ್ದುದು ಕೊಡುವವನ ಕಿಟಕಿಯಲ್ಲಿ. ಹೇರಳದ ಕಾಲದಲ್ಲಿ ನಡೆಯುವುದು ಮಾರಲು ಹೊರಟವನ ಚೀಲದಲ್ಲಿ.

ನಿಯಂತ್ರಣ ತೆಗೆದ ಮೇಲೆ ಈ ಪ್ರದೇಶದ ಸುಣ್ಣಕಲ್ಲಿಗೆ ಬಂದವರ ಸಾಲು ಬೆಳೆಯುತ್ತಲೇ ಹೋಯಿತು. 1968ರಿಂದ ಇದ್ದ ವಾಡಿಯ ಎಸಿಸಿ, ಎಂಬತ್ತರ ದಶಕದಲ್ಲಿ ಬಂದ ಮಳಖೇಡದ ರಾಜಶ್ರೀ ಮತ್ತು ಸೇಡಂನ ವಾಸವದತ್ತಾ, ಆಮೇಲೆ ಚಿಂಚೋಳಿ ತಾಲ್ಲೂಕಿನಲ್ಲಿ ಫ್ರಾನ್ಸಿನ ವಿಕಾ ಬಳಗದ ಕಲಬುರ್ಗಿ ಸಿಮೆಂಟ್ ಮತ್ತು ಚೆಟ್ಟಿನಾಡ್, ಚಿತ್ತಾಪುರದ ಇಟಗಾದಲ್ಲಿ ಓರಿಯಂಟ್, ಸೇಡಂ ಕಡೆ ಕೋಡ್ಲಾದಲ್ಲಿ ಶ್ರೀ ಸಿಮೆಂಟ್. ಈಗ ಗಾಳಿ ತಿರುಗಿ ಒಡೆತನಗಳು ಒಂದೆರಡು ಕೈ ಸೇರುತ್ತಿವೆ: 2022ರಲ್ಲಿ ಎಸಿಸಿ ಅದಾನಿ ಬಳಗಕ್ಕೆ, ಅದರ ಹಿಂದೆಯೇ ಓರಿಯಂಟ್ ಕೂಡ ಅದೇ ಬಳಗಕ್ಕೆ, 2025ರಲ್ಲಿ ವಾಸವದತ್ತಾ ಅಲ್ಟ್ರಾಟೆಕ್‌ಗೆ. ಗೇಟಿನ ಮೇಲಿನ ಬೋರ್ಡು ಬದಲಾದಾಗ ಒಳಗಿನವರಿಗೆ ಮೊದಲು ಬರುವ ಪ್ರಶ್ನೆ, ಎಷ್ಟು ಜನರನ್ನು ಇಟ್ಟುಕೊಳ್ಳುತ್ತಾರೆ?

ಆ ಪ್ರಶ್ನೆ ಇಲ್ಲಿ ಬರೀ ಅಂಜಿಕೆಯಲ್ಲ, ಕಂಡುಂಡ ಅನುಭವ. ಸೇಡಂ ತಾಲ್ಲೂಕಿನ ಕುರಕುಂಟಾದಲ್ಲಿ 1972ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಿಮೆಂಟ್ ಕಾರ್ಪೊರೇಷನ್ ಕಾರ್ಖಾನೆ ಮುಕ್ತ ಮಾರುಕಟ್ಟೆಯಲ್ಲಿ ಹತ್ತು ವರ್ಷವೂ ತಾಳದೆ 1998ರಲ್ಲಿ ನಿಂತಿತು. ಶಹಾಬಾದದ ಹಳೆಯ ಎಸಿಸಿ ಕೈ ಬದಲಾಗಿ ಎಚ್‌ಎಂಪಿ ಎನಿಸಿಕೊಂಡು ಕೊನೆಗೆ ತಣ್ಣಗಾಯಿತು. ಮುಚ್ಚಿದ ಕಾರ್ಖಾನೆಯ ಕ್ವಾರ್ಟರ್ಸ್ ಕಂಡು ಬೆಳೆದ ಹುಡುಗ ಪಕ್ಕದ ಕಾರ್ಖಾನೆಗೆ ಕಾಂಟ್ರಾಕ್ಟ್ ಮೇಲೆ ಸೇರಿದರೆ, ಅಲ್ಲಿ ಕಣ್ಣಿಗೆ ಬಿದ್ದ ತಪ್ಪನ್ನು ಬಾಯಿ ಬಿಟ್ಟು ಹೇಳುವನೇ? ಪೈಪೋಟಿ ನೌಕರನ ಮೇಲೆ ಕೆಲಸ ಮಾಡುವ ಮೊದಲ ಬಗೆ ಇದು: ಆತನಿಂದ ತಪ್ಪು ಮಾಡಿಸುವುದಕ್ಕಿಂತ ಮುಂಚೆ ಆತನ ಬಾಯಿ ಮುಚ್ಚಿಸುತ್ತದೆ.

ಎರಡನೆಯ ಬಗೆ ಅಂಕಿಯದು. ಮೇಲಿನ ಸಭೆಯಲ್ಲಿ ಮಾರುಕಟ್ಟೆ ಪಾಲು ಎಂಬ ಮಾತಾಗಿ ಹೊರಟದ್ದು ವಲಯ ಕಚೇರಿಗೆ ಬರುವಾಗ ಟನ್ ಆಗುತ್ತದೆ, ಕೆಳಗಿನ ಮಾರಾಟ ಸಿಬ್ಬಂದಿಗೆ ಮುಟ್ಟುವಾಗ ಚೀಲ ಆಗುತ್ತದೆ. ತಿಂಗಳ ಕೊನೆಯ ವಾರ ಡೀಲರನ ಗೋಡೌನಿನಲ್ಲಿ ಜಾಗವಿಲ್ಲದಿದ್ದರೂ ಮಾಲು ಇಳಿಯುತ್ತದೆ. ಮುಂದಿನ ತಿಂಗಳು ಹಿಂದಕ್ಕೆ ತಗೊಳ್ಳುತ್ತೇವೆ ಅಥವಾ ಡಿಸ್ಕೌಂಟ್ ಹೊಂದಿಸುತ್ತೇವೆ ಎಂಬ ಬಾಯಿಮಾತಿನ ಮೇಲೆ. ಮಾರಾಟದ ವ್ಯಾಪಾರ ಗೊತ್ತಿರುವ ಯಾರಿಗೂ ಇದು ಹೊಸದಲ್ಲ. ಸಿಮೆಂಟಿಗೂ ಅಷ್ಟೆ, ಸೋಪಿಗೂ ಅಷ್ಟೆ, ಔಷಧಿಗೂ ಅಷ್ಟೆ. ಕೇಳಿದರೆ ಬರುವ ಉತ್ತರ ಒಂದೇ: “ಏನ್ ಮಾಡೋದ್ರಿ, ಮ್ಯಾಲಿಂದ ಪ್ರೆಷರ್ ಅದ.” ಈ ‘ಮೇಲೆ’ ಎಂಬುದಕ್ಕೆ ವಿಳಾಸವಿಲ್ಲ. ತಾಲ್ಲೂಕಿನವನಿಗೆ ಕಲಬುರಗಿ ಮೇಲೆ, ಕಲಬುರಗಿಗೆ ಬೆಂಗಳೂರು ಅಥವಾ ಹೈದರಾಬಾದ್ ಮೇಲೆ, ಅಲ್ಲಿಗೆ ಮುಂಬೈ ಮೇಲೆ, ಮುಂಬೈಗೆ ಷೇರುಪೇಟೆ ಮೇಲೆ. ಸುಳ್ಳು ಲೆಕ್ಕ ಬರೆ ಎಂದು ಯಾರೂ ಕಾಗದದಲ್ಲಿ ಬರೆದು ಕಳಿಸುವುದಿಲ್ಲ. ಅಂಕಿ ಮಾತ್ರ ಬರುತ್ತದೆ.

ಈ ಇಳಿಜಾರನ್ನು ಪೂರ್ತಿಯಾಗಿ ನೋಡಲು ಸಿಮೆಂಟಿಗಿಂತ ಸಾಲದ ಕಥೆ ಒಳ್ಳೆಯದು. ಅದು ಹುಟ್ಟಿದ್ದೂ ನಮ್ಮ ಗಡಿಯಲ್ಲೇ. ಬೀದರಿಗೆ ಅಂಟಿಕೊಂಡ, ಇಂದಿಗೂ ಕನ್ನಡ ಮಾತಾಡುವವರಿರುವ ನಾರಾಯಣಖೇಡ ಆಗ ಮೇದಕ್ ಜಿಲ್ಲೆಯಲ್ಲಿತ್ತು. ವಿಕ್ರಮ್ ಆಕುಲ ಸ್ಥಾಪಿಸಿದ ಸ್ವಯಂ ಕೃಷಿ ಸಂಗಮ್, ಅಂದರೆ ಎಸ್‌ಕೆಎಸ್, ಬಡ ಹೆಂಗಸರಿಗೆ ಜಾಮೀನಿಲ್ಲದೆ ಸಾಲ ಕೊಡಲು ಆರಂಭಿಸಿದ್ದು ತೊಂಬತ್ತರ ದಶಕದ ಕೊನೆಗೆ, ಅಲ್ಲಿನ ಹಳ್ಳಿಗಳಲ್ಲಿ. ಲಾಭದ ಉದ್ದೇಶವಿಲ್ಲದ ಸಂಸ್ಥೆಯಾಗಿ ಹುಟ್ಟಿ ಆಮೇಲೆ ಕಂಪನಿಯಾಯಿತು. 2010ರ ಆಗಸ್ಟ್‌ನಲ್ಲಿ ಷೇರುಪೇಟೆಗೆ ಬಂದಾಗ ಷೇರಿಗೆ 985 ರೂಪಾಯಿ ದರ. ಬೇಡಿಕೆ ಇದ್ದ ಷೇರಿಗಿಂತ ಹದಿಮೂರು ಪಟ್ಟಿಗೂ ಹೆಚ್ಚು. ಎರಡು ತಿಂಗಳು ಕಳೆಯಿತು. ಅಕ್ಟೋಬರ್‌ನಲ್ಲಿ ಆಂಧ್ರಪ್ರದೇಶ ಸರ್ಕಾರ ವಸೂಲಿಯ ಕಿರುಕುಳ, ಆತ್ಮಹತ್ಯೆಗಳ ವರದಿಗಳ ಹಿನ್ನೆಲೆಯಲ್ಲಿ ಮೈಕ್ರೋಫೈನಾನ್ಸ್ ಮೇಲೆ ಸುಗ್ರೀವಾಜ್ಞೆ ತಂದಿತು. ಅಲ್ಲಿನ ವಸೂಲಿ ಬಹುತೇಕ ನಿಂತೇಹೋಯಿತು.

ನಡುವೆ ಏನಾಗಿತ್ತು? ಒಂದೇ ಹಳ್ಳಿಗೆ ಹಲವು ಕಂಪನಿಗಳು ಬಂದಿದ್ದವು. ಹೊಸದಾಗಿ ಗುಂಪು ಕಟ್ಟಿ, ತರಬೇತಿ ಕೊಟ್ಟು, ಮನೆ ನೋಡಿ ಸಾಲ ಕೊಡಲು ವಾರಗಳು ಬೇಕು. ಇನ್ನೊಂದು ಕಂಪನಿ ಕಟ್ಟಿದ ಗುಂಪಿಗೇ ಹೋಗಿ ಕೊಟ್ಟರೆ ಒಂದೇ ದಿನದ ಕೆಲಸ. ಪೈಪೋಟಿಯಲ್ಲಿ ಎರಡನೆಯದೇ ಗೆಲ್ಲುತ್ತದೆ. ಹೆಣ್ಣುಮಗಳ ಕೈಗೆ ಮೊದಲ ಸಾಲ ತೀರಿಸಲು ಎರಡನೆಯದು, ಎರಡನೆಯದಕ್ಕೆ ಮೂರನೆಯದು ಸಿಗುತ್ತದೆ. ಸಾಲ ಕೊಡುವ ಹುಡುಗನೂ ಆಕೆಯಂಥದೇ ಮನೆಯವನು, ಪಿಯುಸಿಯೋ ಡಿಗ್ರಿಯೋ ಮುಗಿಸಿ ಬೈಕು, ಟ್ಯಾಬು ಹಿಡಿದು ಹೊರಟವನು. ಆತನ ತಿಂಗಳ ಲೆಕ್ಕದಲ್ಲಿ ಎರಡೇ ಕಾಲಂ: ಎಷ್ಟು ಹೊಸ ಸಾಲ, ಎಷ್ಟು ವಸೂಲಿ. ಆಕೆಗೆ ತೀರಿಸುವ ತಾಕತ್ತಿದೆಯೇ ಎಂಬುದಕ್ಕೆ ಕಾಲಂ ಇಲ್ಲ. ಆದಾಯವನ್ನು ಹೆಚ್ಚಾಗಿ ತೋರಿಸಿ ಫಾರ್ಮ್ ತುಂಬುವುದು, ಇಲ್ಲದವಳ ಹೆಸರಿಗೆ ಸಾಲ ಎತ್ತುವುದು, ಹಳೆಯ ಕಂತಿಗೆ ಹೊಸ ಸಾಲ ಹಚ್ಚುವುದು, ಕಂತು ತಪ್ಪಿದ ಮನೆಯ ಮುಂದೆ ಗುಂಪಿನ ಹೆಂಗಸರನ್ನೇ ಕೂಡಿಸುವುದು, ಇವೆಲ್ಲ ಶುರುವಾಗುವುದು ಆ ಎರಡು ಕಾಲಂಗಳ ಕೆಳಗೆ. ಕಂತು ಕಡಿಮೆ ಬಿದ್ದ ದಿನ ತನ್ನ ಜೇಬಿನಿಂದಲೇ ತುಂಬುವವರೂ ಇದ್ದಾರೆ. ಇವತ್ತು ತನ್ನ ಜೇಬಿನಿಂದ ತುಂಬಿದವನು ನಾಳೆ ವಸೂಲಾದ ಹಣದಲ್ಲಿ ಕೈಯಾಡಿಸುವುದು ಬಹಳ ದೂರದ ಹೆಜ್ಜೆಯಲ್ಲ.

ಕರ್ನಾಟಕಕ್ಕೆ ಇದು ಆಂಧ್ರದಿಂದ ಬಂದ ರೋಗವೂ ಅಲ್ಲ. ಅದಕ್ಕೂ ಮುಂಚೆ, 2009ರಲ್ಲೇ, ಕೋಲಾರ, ಶಿಡ್ಲಘಟ್ಟ, ರಾಮನಗರಗಳ ರೇಷ್ಮೆ ಸೀಮೆಯಲ್ಲಿ ಸಾಲಗಳ ಮೇಲೆ ಸಾಲ ಬಿದ್ದು, ಊರಿನ ಅಂಜುಮನ್‌ಗಳು ಕಂತು ಕಟ್ಟಬೇಡಿ ಎನ್ನುವ ಮಟ್ಟಕ್ಕೆ ಹೋಗಿತ್ತು. ಹದಿನಾರು ವರ್ಷದ ನಂತರ, 2025ರ ಜನವರಿಯಲ್ಲಿ, ಚಾಮರಾಜನಗರ, ಮೈಸೂರು ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಗೆ ಬೀಗ ಜಡಿದು ಊರು ಬಿಟ್ಟವರ ಸುದ್ದಿ ಬಂತು. ಫೆಬ್ರುವರಿ 12ರಂದು ರಾಜ್ಯಪಾಲರು ಸುಗ್ರೀವಾಜ್ಞೆಗೆ ಅಂಕಿತ ಹಾಕಿದರು: ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ.

ನಡುವಿನ ನಿಯಮಗಳ ಏರಿಳಿತ ನೋಡಿದರೆ ನಗು ಬರುತ್ತದೆ, ಸಿಟ್ಟೂ ಬರುತ್ತದೆ. ಆಂಧ್ರದ ಗದ್ದಲದ ಬಳಿಕ 2011ರಲ್ಲಿ ಮಾಲೇಗಾಂ ಸಮಿತಿ, ಒಬ್ಬಳಿಗೆ ಎರಡಕ್ಕಿಂತ ಹೆಚ್ಚು ಮೈಕ್ರೋಫೈನಾನ್ಸ್ ಕಂಪನಿಗಳು ಸಾಲ ಕೊಡಬಾರದು ಎಂದಿತು, ರಿಸರ್ವ್ ಬ್ಯಾಂಕ್ ಅದನ್ನು ನಿಯಮ ಮಾಡಿತು. 2022ರಲ್ಲಿ ಆ ಎಣಿಕೆ ಹೋಗಿ, ಕುಟುಂಬದ ಆದಾಯದ ಅರ್ಧಕ್ಕಿಂತ ಹೆಚ್ಚು ಕಂತಿಗೆ ಹೋಗಬಾರದು ಎಂಬ ಹೊಸ ಅಳತೆ ಬಂತು. ಅಳತೆ ಚೆನ್ನಾಗಿದೆ. ಆದಾಯ ಎಷ್ಟೆಂದು ಬರೆಯುವವನು ಯಾರು? ಅದೇ ಟಾರ್ಗೆಟ್ಟಿನ ಹುಡುಗ. 2024ರಲ್ಲಿ ಉದ್ಯಮದ ಸಂಘವೇ ಎಚ್ಚೆತ್ತು ನಾಲ್ಕು ಸಾಲದಾತರ ಮಿತಿ ಹಾಕಿಕೊಂಡಿತು, ಮತ್ತೆ ಮೂರಕ್ಕಿಳಿಸಿತು.

ಇದು ಬಡವರ ಬಡ ಕಂಪನಿಗಳ ಕಥೆ ಎಂದುಕೊಳ್ಳಬೇಕಿಲ್ಲ. ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕಿನಲ್ಲಿ ಪ್ರತಿ ಗ್ರಾಹಕನಿಗೂ ಎಂಟು ಬಗೆಯ ಖಾತೆ ಅಥವಾ ಕಾರ್ಡು ಮಾರಬೇಕೆಂಬ ಗುರಿಯಿತ್ತು. ಸಿಬ್ಬಂದಿ ಗ್ರಾಹಕರಿಗೆ ಗೊತ್ತಿಲ್ಲದೆಯೇ ಖಾತೆ ತೆರೆದರು. 2016ರ ಸೆಪ್ಟೆಂಬರ್‌ನಲ್ಲಿ ವಿಷಯ ಹೊರಬಿದ್ದಾಗ, ಅದಾಗಲೇ ಸುಮಾರು 5,300 ಜನರನ್ನು ಕೆಲಸದಿಂದ ತೆಗೆದಿದ್ದೇವೆ ಎಂದು ಬ್ಯಾಂಕು ಹೇಳಿತು. ಐದು ಸಾವಿರ ಜನ ಒಂದೇ ತಪ್ಪು ಮಾಡಿದ್ದಾರೆಂದರೆ ಅದು ಐದು ಸಾವಿರ ಕೆಟ್ಟ ಮನಸ್ಸುಗಳ ಕಾಕತಾಳೀಯವಲ್ಲ, ಲೆಕ್ಕ ಹಾಕುವ ವಿಧಾನದ ಫಲ. ಬ್ಯಾಂಕಿನ ಮುಖ್ಯಸ್ಥ ಆ ಅಕ್ಟೋಬರ್‌ನಲ್ಲಿ ಹುದ್ದೆ ಬಿಟ್ಟರು. 2020ರಲ್ಲಿ ಬ್ಯಾಂಕು 300 ಕೋಟಿ ಡಾಲರ್ ಕೊಟ್ಟು ಸರ್ಕಾರದೊಂದಿಗೆ ರಾಜಿ ಮಾಡಿಕೊಂಡಿತು.

ಅರ್ಥಶಾಸ್ತ್ರಜ್ಞ ಆಂದ್ರೈ ಶ್ಲೈಫರ್ 2004ರಲ್ಲಿ ಬರೆದ ಪ್ರಬಂಧದ ಪ್ರಶ್ನೆ, ಪೈಪೋಟಿ ನೈತಿಕತೆಯನ್ನು ಕೆಡಿಸುತ್ತದೆಯೇ ಎಂಬುದೇ. ಬಾಲಕಾರ್ಮಿಕ ಪದ್ಧತಿ, ಲಂಚ, ಕಂಪನಿಗಳ ಸುಳ್ಳು ಲೆಕ್ಕ ಮುಂತಾದವನ್ನು ಬರೀ ದುರಾಸೆಯ ಫಲವೆಂದು ಹಳಿಯುತ್ತೇವೆ. ಹಲವು ಸಲ ಅವು ಪೈಪೋಟಿಯ ಫಲ ಎಂಬುದು ಆತನ ವಾದ. ಎದುರಿನವನು ಖರ್ಚು ಉಳಿಸಲು ಅಡ್ಡದಾರಿ ಹಿಡಿದರೆ, ಹಿಡಿಯದವನು ಸೋಲುತ್ತಾನೆ. 2013ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ನ್ಯೂಯಾರ್ಕ್ ರಾಜ್ಯದ ವಾಹನಗಳ ಹೊಗೆ ತಪಾಸಣೆಯದು. 11,423 ಕೇಂದ್ರಗಳ ಸುಮಾರು 2.8 ಕೋಟಿ ತಪಾಸಣೆಗಳನ್ನು ನೋಡಿದಾಗ, ಸುತ್ತಮುತ್ತ ಪೈಪೋಟಿ ಹೆಚ್ಚಿದಷ್ಟೂ ಕೇಂದ್ರಗಳು ಗಾಡಿಗಳನ್ನು ಸುಲಭವಾಗಿ ಪಾಸು ಮಾಡುತ್ತಿದ್ದುದು ಕಂಡಿತು. ಫೇಲ್ ಮಾಡಿದರೆ ಗಿರಾಕಿ ಮುಂದಿನ ಸಲ ಪಕ್ಕದ ಅಂಗಡಿಗೆ ಹೋಗುತ್ತಾನೆ, ಅಷ್ಟೆ. ನಮ್ಮಲ್ಲಿ ಹೊಗೆಯ ಸರ್ಟಿಫಿಕೇಟ್ ಮಾಡಿಸಿದ ಯಾರಿಗೂ ಇದನ್ನು ವಿವರಿಸುವ ಅಗತ್ಯವಿಲ್ಲ.

ವಾಡಿ, ಸೇಡಂ ರಸ್ತೆಗಳ ಲಾರಿಗಳದ್ದೂ ಇದೇ ಲೆಕ್ಕ. ಬಾಡಿಗೆ ದರ ಇಳಿದಾಗ ಹೆಚ್ಚು ಹೇರಿದವನಿಗೆ ಮಾತ್ರ ಟ್ರಿಪ್ಪು ಗಿಟ್ಟುತ್ತದೆ. ಕೇಂದ್ರ ಸರ್ಕಾರ 2018ರಲ್ಲಿ ಆಕ್ಸಲ್ ಭಾರದ ಮಿತಿಯನ್ನು ಏರಿಸಿ ಹತ್ತು ಚಕ್ರದ ಲಾರಿಗೆ 25ರ ಬದಲು 28.5 ಟನ್ ಮಾಡಿತು. 2019ರ ತಿದ್ದುಪಡಿ ಓವರ್‌ಲೋಡಿಗೆ 20,000 ರೂಪಾಯಿ, ಮೇಲೆ ಟನ್ನಿಗೆ 2,000 ದಂಡ ಇಟ್ಟಿತು. ಸಿಕ್ಕಿಬೀಳುವುದು ಸ್ಟೀರಿಂಗ್ ಹಿಡಿದವನು. ಹೇರು ಎಂದವನು ಲಾರಿಯಲ್ಲಿರುವುದಿಲ್ಲ.

ಶಹಾಬಾದದ ಹೆಸರನ್ನು ದೇಶಕ್ಕೆಲ್ಲ ಮುಟ್ಟಿಸಿದ ಫರಸಿ ಕಲ್ಲಿಗೆ ಬಂದ ಗತಿಯೂ ಇಲ್ಲಿ ಒಂದು ಮಾತು ಬೇಡುತ್ತದೆ. ಗುಜರಾತಿನ ಮೋರ್ಬಿಯ ಟೈಲ್ಸ್ ಮನೆಮನೆಗೆ ಬಂದಮೇಲೆ ಕಲ್ಲಿನ ದರವನ್ನು ಖಣಿಯ ಮಾಲೀಕ ನಿರ್ಧರಿಸುವ ಕಾಲ ಹೋಯಿತು. ದರ ತನ್ನ ಕೈಯಲ್ಲಿಲ್ಲದವನು ಉಳಿಸಬಹುದಾದ ಜಾಗಗಳು ಎರಡೇ: ರಾಯಲ್ಟಿ ಚೀಟಿ ಮತ್ತು ಕೂಲಿ. ಚದರಡಿ ಲೆಕ್ಕದಲ್ಲಿ ಕಲ್ಲು ಎಬ್ಬಿಸುವವನ ಅಳತೆಯಲ್ಲಿ ಕೈ ಬಿಗಿಹಿಡಿಯುವ ಮುನ್ಷಿಗೆ ಅದರಿಂದ ನಾಲ್ಕು ಕಾಸೂ ದಕ್ಕುವುದಿಲ್ಲ. ಕೂಲಿಯವರ ಶಾಪ ಮಾತ್ರ ದಕ್ಕುತ್ತದೆ.

ಕಾರ್ಖಾನೆಯ ಒಳಗಿನ ಸುರಕ್ಷತೆಯ ಲೆಕ್ಕ ಇನ್ನೂ ಸೂಕ್ಷ್ಮ. ಗೇಟಿನ ಬಳಿ ಅಪಘಾತವಿಲ್ಲದ ದಿನಗಳ ಸಂಖ್ಯೆ ಬರೆದ ಬೋರ್ಡು ಎಲ್ಲ ದೊಡ್ಡ ಕಾರ್ಖಾನೆಗಳಲ್ಲೂ ಇರುತ್ತದೆ. ಆ ಸಂಖ್ಯೆಗೆ ಬಹುಮಾನ ಅಂಟಿಸಿದ ದಿನದಿಂದ ಕಾರ್ಮಿಕನ ಬೆರಳು ಜಜ್ಜಿದ್ದು ಗಾಯವಾಗಿ ಉಳಿಯುವುದಿಲ್ಲ, ಬೋರ್ಡಿಗೆ ಬಂದ ಕಂಟಕವಾಗುತ್ತದೆ. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾ, ಗಾಯದ ವರದಿಯನ್ನು ಅಡಗಿಸುವಂಥ ಬಹುಮಾನ ಯೋಜನೆಗಳ ವಿರುದ್ಧ 2016ರಲ್ಲಿ ನಿಯಮವನ್ನೇ ತರಬೇಕಾಯಿತು.

ಇಷ್ಟೆಲ್ಲ ಹೇಳಿದ ಮೇಲೆ, ನೌಕರನದು ಏನೂ ತಪ್ಪಿಲ್ಲವೇ ಎಂದು ಕೇಳುವವರಿದ್ದಾರೆ. ಇದೆ. ಅದೇ ಶಾಖೆಯಲ್ಲಿ, ಅದೇ ಟಾರ್ಗೆಟ್ಟಿನ ಕೆಳಗೆ ಕೂತು ಸುಳ್ಳು ಬರೆಯದೆ ಇನ್‌ಕ್ರಿಮೆಂಟ್ ಕಳೆದುಕೊಂಡವರು, ಕೆಲಸ ಬಿಟ್ಟವರು ಇರುತ್ತಾರೆ. ಅವರನ್ನು ಲೆಕ್ಕಕ್ಕೆ ತಗೊಳ್ಳದೆ ಒತ್ತಡ ಒತ್ತಡ ಎಂದು ಹಾಡುವುದು ಅವರಿಗೆ ಮಾಡುವ ಅವಮಾನ. ಪೈಪೋಟಿ ಎಂಬ ಮಾತನ್ನೇ ಗುರಾಣಿ ಮಾಡಿಕೊಳ್ಳುವ ಚಟ ನಮ್ಮಲ್ಲಿ ಬೆಳೆದಿದೆ. 545 ಪಿಎಸ್‌ಐ ಹುದ್ದೆಗಳ 2021ರ ಪರೀಕ್ಷೆಯ ಅಕ್ರಮದಲ್ಲಿ ಕಲಬುರಗಿಯ ಕೇಂದ್ರವೊಂದರ ಮೇಲ್ವಿಚಾರಕರು ಬಂಧಿತರಾದಾಗಲೂ ಕೆಲವರು ಕಾಂಪಿಟಿಷನ್ ಅಷ್ಟಿದೆ ಎಂದು ಉಸಿರುಬಿಟ್ಟರು. ಅದು ಮಾರುಕಟ್ಟೆಯ ಒತ್ತಡವಲ್ಲ, ಹುದ್ದೆಯನ್ನು ಮಾರಾಟದ ಮಾಲು ಮಾಡಿದ ಕಳ್ಳತನ. ಎರಡನ್ನೂ ಒಂದೇ ಗೋಣಿಗೆ ತುಂಬಬಾರದು.

ಆದರೆ ಸರಿಪಡಿಸುವ ಕೆಲಸ ಎಲ್ಲಿಂದ ಆಗಬೇಕು ಎಂದಾಗ ಉತ್ತರ ಬೇರೆ. ಅದಕ್ಕೆ ಸಿಮೆಂಟ್ ಧೂಳು ಉಸಿರಾಡುವ ಈ ಊರುಗಳವರು ಗುಜರಾತಿನ ಒಂದು ಪ್ರಯೋಗವನ್ನು ತಿಳಿದಿರಬೇಕು. ಅಲ್ಲಿ ಮಾಲಿನ್ಯ ಉಂಟುಮಾಡುವ ಕಾರ್ಖಾನೆಗಳು ವರ್ಷಕ್ಕೊಮ್ಮೆ ಖಾಸಗಿ ಪರಿಶೋಧಕರಿಂದ ಪರಿಸರ ತಪಾಸಣೆ ಮಾಡಿಸಬೇಕು. ಆಗ ಪರಿಶೋಧಕನನ್ನು ಆರಿಸುತ್ತಿದ್ದುದು ಕಾರ್ಖಾನೆ, ಫೀಸು ಕೊಡುತ್ತಿದ್ದುದೂ ಕಾರ್ಖಾನೆ. ಗಿರಾಕಿಗಾಗಿ ಪೈಪೋಟಿ ಎಷ್ಟಿತ್ತೆಂದರೆ, ಪ್ರಾಮಾಣಿಕವಾಗಿ ತಪಾಸಣೆ ಮಾಡಲು ತಗಲುವ ಖರ್ಚಿಗಿಂತಲೂ ಕಡಿಮೆ ಫೀಸಿಗೆ ಒಪ್ಪುತ್ತಿದ್ದರು. ಎಸ್ತರ್ ಡಫ್ಲೊ, ಮೈಕೆಲ್ ಗ್ರೀನ್‌ಸ್ಟೋನ್, ರೋಹಿಣಿ ಪಾಂಡೆ, ನಿಕೋಲಸ್ ರಯಾನ್ ಅವರ ತಂಡ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯ ಜೊತೆ ಸೇರಿ ಅಹಮದಾಬಾದ್, ಸೂರತ್ ಭಾಗದ 473 ಕಾರ್ಖಾನೆಗಳನ್ನು ಹಿಡಿದು ಎರಡು ವರ್ಷ ನೋಡಿತು. ಹಳೆಯ ಪದ್ಧತಿಯ ವರದಿಗಳ ಪ್ರಕಾರ ಗಾಳಿಯ ದೂಳುಕಣದ ಮಿತಿ ಮೀರಿದ ಕಾರ್ಖಾನೆಗಳು ಶೇಕಡಾ 7. ಸ್ವತಂತ್ರವಾಗಿ ಹೋಗಿ ಅಳೆದಾಗ ಕಂಡದ್ದು ಶೇಕಡಾ 59. ಸುಳ್ಳು ವರದಿಗಳೆಲ್ಲ ಮಿತಿಯ ಗೆರೆಗಿಂತ ಚೂರೇ ಕೆಳಗೆ ಬಂದು ಸಾಲಾಗಿ ನಿಂತಿದ್ದವು.

ಪ್ರಯೋಗದಲ್ಲಿ ಬದಲಾಯಿಸಿದ್ದು ಇಷ್ಟೇ: ಯಾವ ಪರಿಶೋಧಕ ಯಾವ ಕಾರ್ಖಾನೆಗೆ ಎಂಬುದನ್ನು ಚೀಟಿ ಎತ್ತಿದಂತೆ ಹಂಚಿದರು, ಫೀಸನ್ನು ಕಾರ್ಖಾನೆಯ ಕೈಯಿಂದಲ್ಲ, ಒಂದು ಸಾಮಾನ್ಯ ನಿಧಿಯಿಂದ ಕೊಟ್ಟರು, ಕೆಲವು ಕಡೆ ಮತ್ತೆ ಹೋಗಿ ಅಳೆದರು, ಎರಡನೆಯ ವರ್ಷ ನಿಖರತೆಗೆ ತಕ್ಕಂತೆ ಹಣ ಕೊಟ್ಟರು. ಹೊಸ ಪರಿಶೋಧಕರನ್ನು ತರಲಿಲ್ಲ, ನೀತಿಪಾಠದ ಶಿಬಿರ ನಡೆಸಲಿಲ್ಲ. ಅದೇ ಜನ ನಿಜ ಬರೆಯತೊಡಗಿದರು. ನಿಜ ಬರೆಯುತ್ತಾರೆಂದು ಗೊತ್ತಾದ ಕಾರ್ಖಾನೆಗಳು ಮಾಲಿನ್ಯವನ್ನೂ ಇಳಿಸಿದವು. 2015ರಲ್ಲಿ ಗುಜರಾತ್ ಈ ಪದ್ಧತಿಯನ್ನು ಅಳವಡಿಸಿಕೊಂಡಿತು.

ನಮ್ಮ ಭಾಗಕ್ಕೆ ಹೊಂದುವ ಪಾಠ ಇದರಲ್ಲಿದೆ. ತಪ್ಪು ಕಂಡವನು ಹೇಳಲು ದಾರಿ ಬೇಕು. 2013ರ ಕಂಪನಿ ಕಾಯ್ದೆಯ 177ನೇ ಕಲಂ ಷೇರುಪೇಟೆಯಲ್ಲಿರುವ ಕಂಪನಿಗಳಿಗೆ ಅಂಥ ವ್ಯವಸ್ಥೆ ಕಡ್ಡಾಯ ಮಾಡಿದೆ, ಆದರೆ ಅದು ಹೇಳುವುದು ನಿರ್ದೇಶಕರು ಮತ್ತು ನೌಕರರ ಬಗ್ಗೆ. ಸಿಮೆಂಟ್ ಕಾರ್ಖಾನೆಯಲ್ಲಿ ಚೀಲ ತುಂಬುವ, ಗೂಡು ಸ್ವಚ್ಛ ಮಾಡುವ ಹುಡುಗ ಠೇಕೆದಾರನ ಹಾಜರಿ ಪುಸ್ತಕದಲ್ಲಿರುತ್ತಾನೆ. ಆತನ ದೂರು ಯಾರ ಮೇಜಿಗೆ ಹೋಗಬೇಕು? ಸರ್ಕಾರಿ ವಲಯದ ತಪ್ಪು ಬಯಲು ಮಾಡುವವರ ರಕ್ಷಣೆಗೆ 2014ರಲ್ಲಿ ಸಂಸತ್ತು ಕಾಯ್ದೆ ಮಾಡಿ ಹತ್ತು ವರ್ಷ ದಾಟಿದರೂ ಅದು ಜಾರಿಗೆ ಬರಲಿಲ್ಲ. ಕಾರ್ಮಿಕ ಸಂಘಗಳು ಕೂಲಿಯ ಒಪ್ಪಂದಕ್ಕೆ ಕೂತಾಗ ಪಗಾರ ಎಷ್ಟು ಎಂಬುದರ ಜೊತೆಗೆ ಅದು ಯಾವ ಅಂಕಿಗೆ ಕಟ್ಟಿದೆ ಎಂಬುದನ್ನೂ ಮೇಜಿನ ಮೇಲಿಡಬೇಕು. ಮಾಲಿನ್ಯ, ತೂಕ, ಸುರಕ್ಷತೆ ಅಳೆಯುವವರ ಫೀಸು ಅಳೆಸಿಕೊಳ್ಳುವವರ ಕೈಯಿಂದ ಹೋಗಬಾರದೆಂದು ಜಿಲ್ಲೆಯ ಜನಪ್ರತಿನಿಧಿಗಳು ಕೇಳಬೇಕು.

ಸಾಲದ ವಿಷಯದಲ್ಲಂತೂ ಹೊಸದಾಗಿ ಬೇಡುವಂಥದ್ದೂ ಇಲ್ಲ. ಮೈಕ್ರೋಫೈನಾನ್ಸ್ ಕಂಪನಿಗಳಿಗೆ ರಿಸರ್ವ್ ಬ್ಯಾಂಕ್ ಆಂಧ್ರದ ಅನುಭವದ ಬೆನ್ನಿಗೇ ಕೊಟ್ಟ ನ್ಯಾಯಯುತ ವ್ಯವಹಾರ ಸಂಹಿತೆಯಲ್ಲಿ ಒಂದು ಅಂಶವಿತ್ತು: ಕ್ಷೇತ್ರ ಸಿಬ್ಬಂದಿಯ ಸಂಬಳವನ್ನು ನಿರ್ಧರಿಸುವಾಗ ಎಷ್ಟು ಸಾಲ ಕೊಟ್ಟರು, ಎಷ್ಟು ವಸೂಲು ಮಾಡಿದರು ಎಂಬುದಕ್ಕಿಂತ ಸೇವೆ ಮತ್ತು ಸಾಲಗಾರರ ಸಮಾಧಾನಕ್ಕೆ ಹೆಚ್ಚು ಒತ್ತು ಕೊಡಬೇಕು. ಕಿರುಕುಳದ ಪ್ರಕರಣ ಠಾಣೆಗೆ ಬಂದಾಗ ಪೊಲೀಸರು ವಸೂಲಿಗೆ ಹೋದ ಹುಡುಗನ ಮೊಬೈಲ್ ವಶಪಡಿಸಿಕೊಳ್ಳುತ್ತಾರೆ. ಅದರ ಜೊತೆಗೆ ಆತನ ಸಂಬಳದ ಪತ್ರವನ್ನೂ, ಆ ತಿಂಗಳ ಟಾರ್ಗೆಟ್ ಬಂದ ಮೆಸೇಜನ್ನೂ, ಅದನ್ನು ಕಳಿಸಿದವರ ಹೆಸರನ್ನೂ ಆರೋಪಪಟ್ಟಿಗೆ ಸೇರಿಸಲಿ. ಶಹಾಬಾದ, ಚಿತ್ತಾಪುರ, ಸೇಡಂ, ಚಿಂಚೋಳಿಯ ವಕೀಲರು ಈ ಬೇಡಿಕೆಯನ್ನು ತಮ್ಮ ಮುಂದಿನ ಪ್ರಕರಣದಿಂದಲೇ ಶುರು ಮಾಡಬಹುದು.